ಬಿ.ಎಡ್.ಗೆ ಮಾನಸಿಕ ಆರೋಗ್ಯದ ಐಚ್ಛಿಕ ಪತ್ರಿಕೆ: ಏನಿರಲಿ, ಏನು ಬೇಡ?

ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಮೇಲೆ 3 ಕ್ರೆಡಿಟ್‌ನ ಪತ್ರಿಕೆ ರೂಪಿಸಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಕಾಯಿಲೆಗಳ ಪಟ್ಟಿಯಿಂದಂತೂ ಬೇಡ. ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದು ಬರೀ ಲಕ್ಷಣ ಕಲಿಸಿದರೆ, ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳು ತುಂಟ ಹುಡುಗರಿಗೆಲ್ಲ ಹಣೆಪಟ್ಟಿ ಹಚ್ಚಿ ಬರುತ್ತಾರೆ. ರೋಗ ಪತ್ತೆ ಶಿಕ್ಷಕರ ಕೆಲಸವಲ್ಲ. ಬದಲಾವಣೆ ಗಮನಿಸುವುದು, ಮಗುವಿನ ಜೊತೆ ಮಾತಾಡುವುದು, ಸರಿಯಾದ ಕಡೆ ಕಳಿಸುವುದು, ಇಷ್ಟು ಬಂದರೆ ಸಾಕು.

2 ಕ್ರೆಡಿಟ್ ಥಿಯರಿ (30 ಗಂಟೆ), 1 ಕ್ರೆಡಿಟ್ ಪ್ರಾಯೋಗಿಕ (30 ಗಂಟೆ) ಇಡಿ. ಥಿಯರಿಯಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆಗೆ 8 ಗಂಟೆ, ಗಮನಿಸಬೇಕಾದ ಚಿಹ್ನೆಗಳಿಗೆ 8, ತರಗತಿಯ ವಾತಾವರಣ ಮತ್ತು ಪರೀಕ್ಷೆಯ ಒತ್ತಡಕ್ಕೆ 8, ಕಾನೂನಿಗೆ 6. ಮಕ್ಕಳ ಭಾವನೆ, ನಡವಳಿಕೆಯ ತೊಂದರೆಗಳನ್ನು ಗುರುತಿಸಲು ಮನೋವೈದ್ಯ ಗುಡ್‌ಮನ್ ರೂಪಿಸಿದ 25 ಅಂಶಗಳ ಎಸ್‌ಡಿಕ್ಯೂ ಪ್ರಶ್ನಾವಳಿಯನ್ನು ಪರಿಚಯಿಸಿ, ಆದರೆ ಪೋಷಕರ ಒಪ್ಪಿಗೆಯಾಗಲಿ ಮುಂದಿನ ನೆರವಿನ ವ್ಯವಸ್ಥೆಯಾಗಲಿ ಇಲ್ಲದೆ ಶಾಲೆಯಲ್ಲಿ ಹಂಚಿಸಬೇಡಿ.

ಪ್ರಾಯೋಗಿಕದಲ್ಲಿ ಅರ್ಧ ಸಮಯ ಪಾತ್ರಾಭಿನಯಕ್ಕೇ ಹೋಗಲಿ. "ಮಿಸ್, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಎಂದು ಮಗು ಕೇಳಿದಾಗ ಬಹುತೇಕರು ಹೂಂ ಎಂದುಬಿಡುತ್ತಾರೆ. ಅಲ್ಲೇ ಎಡವುವುದು. ಲೈಂಗಿಕ ದೌರ್ಜನ್ಯದ ವಿಷಯವಾದರೆ ಪೋಕ್ಸೊ ಕಾಯ್ದೆಯ (2012) 19ನೇ ಸೆಕ್ಷನ್ ಪ್ರಕಾರ ವರದಿ ಮಾಡಲೇಬೇಕು, ಮಾಡದಿದ್ದರೆ 21ನೇ ಸೆಕ್ಷನ್‌ನಡಿ ಶಿಕ್ಷೆಯಿದೆ. "ನಿನ್ನನ್ನು ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ" ಎಂಬ ಉತ್ತರವನ್ನು ಬಾಯಿಗೆ ಬರುವಷ್ಟು ಸಲ ಅಭ್ಯಾಸ ಮಾಡಿಸಿ. ಕೆದಕಿ ಕೆದಕಿ ಕೇಳದೆ, ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡುವುದೂ ಅಭ್ಯಾಸವಾಗಬೇಕು. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಲು ಎಲ್ಲರಿಗೂ ಅಳುಕು, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ.

ಉಳಿದ ಸಮಯದಲ್ಲಿ ಪ್ರತಿಯೊಬ್ಬರೂ ತಮ್ಮ ತಾಲ್ಲೂಕಿನ ನೆರವಿನ ನಕ್ಷೆ ಮಾಡಲಿ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಸಿಗುವ ದಿನ, ಮಕ್ಕಳ ರಕ್ಷಣಾ ಘಟಕ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಬಸ್ ಎಷ್ಟು ಹೊತ್ತಿಗೆ ಎಂಬುದೂ ಅದರಲ್ಲಿರಲಿ, ಹಳ್ಳಿಯ ತಾಯಿಗೆ ಮೊದಲು ಬೇಕಾಗುವುದು ಅದೇ.

ಮೂರು ಗಂಟೆಯ ಲಿಖಿತ ಪರೀಕ್ಷೆ ಇಟ್ಟರೆ ಗೈಡ್ ಪುಸ್ತಕ ಓದಿ ಪಾಸಾಗುತ್ತಾರೆ. ಪಠ್ಯಕ್ರಮ ತೀರ್ಮಾನಿಸುವ ಅಧ್ಯಯನ ಮಂಡಳಿಯಲ್ಲಿ ಹಟ ಹಿಡಿದು ಒಟ್ಟು ಅಂಕಗಳಲ್ಲಿ ಕನಿಷ್ಠ ಅರ್ಧದಷ್ಟನ್ನಾದರೂ ಪಾತ್ರಾಭಿನಯಕ್ಕೂ ನಕ್ಷೆಗೂ ಇಡಿಸಿ. ಸ್ವಂತ ನೋವಿನ ಬಗ್ಗೆ ಬರೆಯುವ ಅಸೈನ್‌ಮೆಂಟ್ ಮಾತ್ರ ಬೇಡ. ಅಂಕಕ್ಕಾಗಿ ಯಾರೂ ತಮ್ಮ ಗಾಯ ತೋರಿಸುವಂತಾಗಬಾರದು. ಪಾತ್ರಾಭಿನಯದ ದಿನ ಆಪ್ತಸಮಾಲೋಚಕರೊಬ್ಬರು ಕಾಲೇಜಿನಲ್ಲಿರಲಿ, ಎದ್ದು ಹೊರಗೆ ಹೋದವರ ಅಂಕ ಕಡಿಯಬೇಡಿ.