ಮುರಿದದ್ದು ಕೈ, ಸ್ಕ್ಯಾನಿಂಗ್ ಯಾಕೆ?

ಪ್ರಶ್ನೆ: ನಮ್ಮಪ್ಪನಿಗೆ 66 ವರ್ಷ. ತೊಗರಿ ರಾಶಿ ಮಾಡುವಾಗ ಟ್ರ್ಯಾಕ್ಟರ್‌ನಿಂದ ಬಿದ್ದು ಮಣಿಕಟ್ಟು ಮುರಿದಿದೆ. ಪ್ಲೇಟ್ ಹಾಕಬೇಕಂತೆ. ಬೀಡಿ ಸೇದಿ ದಮ್ಮು ಬೇರೆ ಇದೆ. ಕಲಬುರಗಿ ಡಾಕ್ಟರು ‘ಪೂರ್ತಿ ಮತ್ತು ಬೇಡ, ಸ್ಕ್ಯಾನ್ ನೋಡಿ ಕೈಗಷ್ಟೇ ಕೊಡ್ತೀವಿ’ ಅಂದರು. ಕೈಗೆ ಸ್ಕ್ಯಾನಿಂಗ್ ಯಾಕೆ? ಬಿಲ್ ಹೆಚ್ಚಿಸಲಿಕ್ಕಾ?
– ಓದುಗರು, ಸೇಡಂ

ಉತ್ತರ: ಬಿಲ್ಲಿನ ವಿಷಯ ಮೊದಲೇ ಕೇಳಿಬಿಡಿ, ಸಂಕೋಚ ಬೇಡ. ಆದರೆ ಸ್ಕ್ಯಾನಿಂಗ್ ಸುಮ್ನೆ ಅಲ್ಲ. ಕೈಗೆ ಹೋಗುವ ನರಗಳು ಎಲ್ಲಿವೆ ಅಂತ ಅದರಲ್ಲಿ ನೋಡಿಕೊಂಡೇ, ಕೈಯನ್ನಷ್ಟೇ ಮರಗಟ್ಟಿಸುವ ಸೂಜಿ ಹಾಕುತ್ತೇವೆ. ನಮ್ಮ ಕಡೆ ಸ್ಕ್ಯಾನಿಂಗ್ ಅಂದ್ರೆ ಬಸುರಿಯರಿಗೆ ಅಂತಲೇ ಲೆಕ್ಕ. ಆಪರೇಷನ್ ಥಿಯೇಟರಿನ ನಮ್ಮ ಪುಟ್ಟ ಮಷಿನ್ನೂ 1994ರ ಲಿಂಗ ಪತ್ತೆ ತಡೆ ಕಾನೂನಿನಡಿ ನೋಂದಣಿ ಆಗಬೇಕು, ನೋಡಿ!

ನಾನು ಅರಿವಳಿಕೆ ಕಲಿಯುವಾಗ ಕಂಕುಳಲ್ಲಿ ರಕ್ತನಾಳದ ಬಡಿತ ಹುಡುಕಿ, ಅದರ ಸುತ್ತ ಅಂದಾಜಿನ ಮೇಲೆ ಸೂಜಿ ಹಾಕುತ್ತಿದ್ದೆವು. ‘ಕಾಕಾ, ಬೆರಳಿಗಿ ಕರೆಂಟ್ ಹೊಡದಂಗ ಆಯ್ತೇನ್ರಿ?’ ಹೂಂ ಅಂದರೆ ಅಲ್ಲೇ ಔಷಧಿ. ಎಷ್ಟೋ ಸಲ ಹೆಬ್ಬೆರಳ ಕಡೆಯ ಮುಂಗೈ ಮಾತ್ರ ಮರಗಟ್ಟುತ್ತಲೇ ಇರಲಿಲ್ಲ. ಆ ಭಾಗದ ನರ ಉಳಿದ ಮೂರು ನರಗಳ ಜೊತೆ ಇರುವುದಿಲ್ಲ. ಪಕ್ಕದ ಸ್ನಾಯುವಿನೊಳಗೆ ಒಂಟಿಯಾಗಿ ಹೋಗುತ್ತದೆ. ಈಗ ಅದೂ ಸ್ಕ್ರೀನ್ ಮೇಲೆ ಸಿಗುತ್ತದೆ. ನರಗಳು ಜೇನುಹುಟ್ಟಿನ ತುಂಡಿನ ಹಾಗೆ, ರಕ್ತನಾಳ ಮಿಡಿಯುವ ಕಪ್ಪು ಬಳೆಯ ಹಾಗೆ, ಸೂಜಿ ಬಿಳಿ ಗೆರೆಯ ಹಾಗೆ. ಔಷಧಿ ನರದ ಸುತ್ತ ಹರಡುವುದೂ ಕಾಣುವುದರಿಂದ ಕಡಿಮೆ ಪ್ರಮಾಣ ಸಾಕಾಗುತ್ತದೆ.

ಕತ್ತಿನ ಬುಡದಲ್ಲೂ ಈ ಸೂಜಿ ಹಾಕಬಹುದು. ಆದರೆ ಅಲ್ಲಿ ಉಸಿರೆಳೆಯುವ ವಪೆಯ ನರವೂ ಕೆಲ ಹೊತ್ತು ಮಂಕಾಗಬಹುದು. ದಮ್ಮಿನವರಿಗೆ ಅದು ಕಷ್ಟ. ನಾನಾದರೆ ನಿಮ್ಮಪ್ಪನಂಥವರಿಗೆ ಕಂಕುಳನ್ನೇ ಆರಿಸುತ್ತೇನೆ. ನಿಮ್ಮ ಡಾಕ್ಟರನ್ನು ‘ಎಲ್ಲಿ ಕೊಡ್ತೀರಿ’ ಅಂತ ಕೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರೆ ಮರೆಯದೆ ಹೇಳಿ. ಹೇಳಿದಷ್ಟು ಹೊತ್ತು ಉಪವಾಸವೂ ಇರಲಿ. ಮದ್ದು ಸರಿಯಾಗಿ ಹಿಡಿಯದಿದ್ದರೆ ಪೂರ್ತಿ ಮತ್ತು ಕೊಡಬೇಕಾದೀತು.

ಆಮೇಲೆ ಹಲವು ಗಂಟೆ ಆ ಕೈ ಅವರ ಮಾತು ಕೇಳಲ್ಲ. ನನ್ನ ಪೇಷೆಂಟ್ ಒಬ್ಬರು ಎಡಗೈಯಿಂದ ಬಲಗೈ ಎತ್ತಿ ನೋಡಲು ಹೋಗಿ ತಮ್ಮ ಮೂಗಿಗೇ ಗುದ್ದಿಕೊಂಡರು! ಕೈಯನ್ನು ಜೋಲಿಯಲ್ಲೇ ಇಡಿ. ಬಿಸಿ ಚಹಾ ಹತ್ತಿರ ತರಬೇಡಿ. ಬೆರಳು ಜುಮ್ಮೆನ್ನಲು ಶುರುವಾದ ಕೂಡಲೇ, ಡಾಕ್ಟರು ಬರೆದ ನೋವಿನ ಮಾತ್ರೆ ಕೊಡಿ. ನೋವು ಬರಲಿ ಅಂತ ಕಾದರೆ ರಾತ್ರಿ ಎರಡಕ್ಕೆ ಮನೆಯವರೆಲ್ಲ ಎದ್ದು ಕೂರಬೇಕಾಗುತ್ತದೆ. ಮರುದಿನವೂ ಜೋಮು ಇಳಿಯದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ.