ಮಳೆಗಾಲದಲ್ಲಿ ಪದೇ ಪದೇ ಕರೆಂಟು ಹೋಗುವ ಹಳ್ಳಿ ಮನೆಗೆ ಎಷ್ಟು ದೊಡ್ಡ ಇನ್ವರ್ಟರ್ ಬೇಕು?

ತೀರ್ಥಹಳ್ಳಿ ಕಡೆಯ ಮನೆ, ವಯಸ್ಸಾದ ಅಪ್ಪ ಅಮ್ಮ ಇಬ್ಬರೇ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕರೆಂಟು ಇರುವುದಿಲ್ಲ, ಲೈನಿನ ಮೇಲೆ ಮರ ಬಿದ್ದರೆ ಎರಡು ದಿನವೂ ಆಗುತ್ತದೆ ಎಂದು ಬರೆದಿದ್ದೀರಿ. ಅಂಗಡಿಯವರು 2000 ವಿಎ ಇನ್ವರ್ಟರ್, ಎರಡು ಬ್ಯಾಟರಿ ಹೇಳಿದ್ದಾರೆ ಎಂದೂ ಇದೆ. ನನ್ನ ಪ್ರಕಾರ ಅಷ್ಟು ಬೇಡ. 900 ವಿಎ ಸುತ್ತಮುತ್ತಲಿನ ಒಂದು ಸೈನ್ ವೇವ್ (ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ) ಇನ್ವರ್ಟರ್, 150 ಎಎಚ್‌ನ ಒಂದು ಟಾಲ್ ಟ್ಯೂಬುಲರ್ (ಎತ್ತರದ, ನೀರು ಹಾಕುವ ಸೀಸ-ಆಸಿಡ್) ಬ್ಯಾಟರಿ ಸಾಕು. ಸ್ಕ್ವೇರ್ ವೇವ್‌ನದು ಅಗ್ಗ ಎಂದು ತರಬೇಡಿ. ಅದರಲ್ಲಿ ಫ್ಯಾನು ಗುಂಯ್‌ಗುಡುತ್ತದೆ, ರೆಗ್ಯುಲೇಟರ್ ಬಿಸಿಯಾಗುತ್ತದೆ.

ವಿಎ ಅನ್ನುವುದು ಒಂದೇ ಸಲಕ್ಕೆ ಎಷ್ಟು ಭಾರ ಹೊರಬಹುದು ಎಂಬುದರ ಲೆಕ್ಕ. ಎಷ್ಟು ಹೊತ್ತು ಹೊರುತ್ತದೆ ಎಂಬುದು ಬ್ಯಾಟರಿಯ ಎಎಚ್ (ಆಂಪಿಯರ್-ಅವರ್) ಲೆಕ್ಕ. ನಿಮ್ಮ ಮನೆಗೆ ಬೇಕಾದದ್ದು ಹೊತ್ತು. 9 ವ್ಯಾಟಿನ ಐದು ಎಲ್‌ಇಡಿ ಬಲ್ಬಿಗೆ 45, ಒಂದು ಹಳೆಯ ಸೀಲಿಂಗ್ ಫ್ಯಾನಿಗೆ 75 (ಮಳೆಗಾಲದಲ್ಲಿ ಗಾಳಿಗಲ್ಲದಿದ್ದರೂ ಬಟ್ಟೆ ಒಣಗಿಸಲಿಕ್ಕೆ ಬೇಕೇ ಬೇಕು), ಟಿವಿಗೆ 60, ವೈಫೈ ರೌಟರಿಗೆ 15, ಮೊಬೈಲ್ ಚಾರ್ಜಿಗೆ 20. ಒಟ್ಟು 215 ವ್ಯಾಟ್. ಬ್ಯಾಟರಿ ಕಡೆಯಿಂದ ನೋಡಿದರೆ 12 ವೋಲ್ಟ್ ಗುಣಿಸು 150, ಅಂದರೆ 1800 ವ್ಯಾಟ್-ಅವರ್. ಅಷ್ಟನ್ನೂ ಬರಿದು ಮಾಡುವಂತಿಲ್ಲ, 80 ಶೇಕಡಾ ತೆಗೆಯಬಹುದು. ಇನ್ವರ್ಟರ್ ತಿನ್ನುವ ಪಾಲು ಕಳೆದರೆ ಕೈಗೆ ಸಿಗುವುದು 1150 ಆಸುಪಾಸು. 215ರಿಂದ ಭಾಗಿಸಿದರೆ ಐದು ಗಂಟೆಗೆ ಮೇಲೆ. ಫ್ಯಾನನ್ನು ಕರೆಂಟು ಕಡಿಮೆ ತಿನ್ನುವ ಹೊಸ ಬಗೆಯ, 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿದರೆ ಆರೂವರೆ, ಏಳು ಗಂಟೆಗೆ ಹೋಗುತ್ತದೆ. ಎರಡನೇ ಬ್ಯಾಟರಿಗೆ ಸುರಿಯುವ ದುಡ್ಡಿಗಿಂತ ಇದು ಎಷ್ಟೋ ವಾಸಿ. ಇದು ಹೊಸ ಬ್ಯಾಟರಿಯ ಲೆಕ್ಕ. ಹಳೆಯದಾದಂತೆ ಹೊತ್ತು ಇಳಿಯುತ್ತದೆ. ಕೊಳ್ಳುವಾಗ 150 ಎಎಚ್ ಎಂಬುದು ಸಿ10 ಲೆಕ್ಕವೋ ಸಿ20 ಲೆಕ್ಕವೋ ಕೇಳಿ. ಸಿ20 ಎಂದರೆ 20 ಗಂಟೆ ನಿಧಾನವಾಗಿ ಎಳೆದಾಗ ಸಿಗುವ ಅಂಕಿ. ಬೇಗ ಎಳೆದರೆ ಅಷ್ಟು ಸಿಗುವುದಿಲ್ಲ. ತಯಾರಾದ ತಿಂಗಳನ್ನೂ ನೋಡಿ. ಚಾರ್ಜಿಲ್ಲದೆ ತಿಂಗಳುಗಟ್ಟಲೆ ಅಂಗಡಿಯ ಮೂಲೆಯಲ್ಲಿ ಕೂತ ಬ್ಯಾಟರಿ ಅಲ್ಲೇ ಅರ್ಧ ಮುಪ್ಪಾಗಿರುತ್ತದೆ.

ಅಂಗಡಿಯಲ್ಲಿ ಯಾರೂ ಎತ್ತದ ವಿಷಯ ಚಾರ್ಜಿಂಗಿನದು. ಬ್ಯಾಟರಿ ಕೆಡುವುದಕ್ಕೆ ಕರೆಂಟು ಹೋಗುವುದಕ್ಕಿಂತ ದೊಡ್ಡ ಕಾರಣ, ಬಂದ ಕರೆಂಟಿನಲ್ಲಿ ಅದು ತುಂಬದೇ ಇರುವುದು. ಐದು ಗಂಟೆ ಬಳಸಿದ 150 ಎಎಚ್ ಬ್ಯಾಟರಿ ಮತ್ತೆ ತುಂಬಲು ಮಾಮೂಲಿ 12–15 ಆಂಪಿಯರ್ ಚಾರ್ಜಿಂಗಿನಲ್ಲಿ ಒಂಬತ್ತು ಹತ್ತು ಗಂಟೆ ಬೇಕು. ಅರ್ಧ ತುಂಬಿ ಮತ್ತೆ ಖಾಲಿಯಾಗುತ್ತಾ ಹೋದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಒಂದೇ ಮಳೆಗಾಲದಲ್ಲಿ ಐದು ಗಂಟೆಯದು ಎರಡಕ್ಕೆ ಇಳಿಯಬಹುದು. ಎರಡು ಬ್ಯಾಟರಿ ಬೇಡ ಎಂದದ್ದೂ ಇದಕ್ಕೇ. ಎರಡಿದ್ದರೂ ಅವು ತುಂಬುವಷ್ಟು ಹೊತ್ತು ಕರೆಂಟು ಇರಬೇಕಲ್ಲ. ನಿಮ್ಮಲ್ಲಿ ದಿನಕ್ಕೆ ಹತ್ತು ಗಂಟೆಯೂ ಸರಿಯಾಗಿ ಕರೆಂಟು ಬರದಿದ್ದರೆ ಲಿಥಿಯಂ ಬ್ಯಾಟರಿ ನೋಡಿ. ಬೆಲೆ ಹೆಚ್ಚು, ಆದರೆ ಬೇಗ ತುಂಬುತ್ತದೆ, ಅರ್ಧ ತುಂಬಿದರೂ ಕೆಡುವುದಿಲ್ಲ, ನೀರು ಹಾಕುವ ಕೆಲಸವಿಲ್ಲ. ಇನ್ವರ್ಟರ್ ಲಿಥಿಯಂಗೆ ಹೊಂದುವಂಥದ್ದೇ ಆಗಿರಬೇಕು. ಸೋಲಾರ್ ಫಲಕವನ್ನು ಬೇಸಿಗೆಗೆ ಹಾಕಿಸಿಕೊಳ್ಳಬಹುದು. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ ಆಷಾಢದ ಬಿಸಿಲನ್ನು ನಂಬುವಂತಿಲ್ಲ.

ಇನ್ನೊಂದು ದೂರು ಹಳ್ಳಿಗಳಲ್ಲಿ ಬಹಳ ಸಾಮಾನ್ಯ: ಪಕ್ಕದ ಮನೆಯಲ್ಲಿ ಕರೆಂಟಿದೆ, ನಮ್ಮದು ಮಾತ್ರ ಬ್ಯಾಟರಿಯಲ್ಲಿ ಓಡುತ್ತಿದೆ. ಇನ್ವರ್ಟರಿನ ಹಿಂದುಗಡೆ ಅಥವಾ ಮುಂದೆ ಒಂದು ಸ್ವಿಚ್ಚು ಇರುತ್ತದೆ, ಯುಪಿಎಸ್ ಮೋಡ್ ಮತ್ತು ಇನ್ವರ್ಟರ್ ಮೋಡ್ ಎಂದು. ಯುಪಿಎಸ್‌ನಲ್ಲಿಟ್ಟರೆ ವೋಲ್ಟೇಜು ಸುಮಾರು 180ಕ್ಕಿಂತ ಇಳಿದ ಕೂಡಲೇ ಅದು ಕರೆಂಟು ಹೋಯಿತೆಂದೇ ತಿಳಿಯುತ್ತದೆ. ಸಂಜೆ 160, 170 ಬರುವ ಲೈನಿನಲ್ಲಿ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ, ಚಾರ್ಜೂ ಆಗುವುದಿಲ್ಲ. ನಿಮ್ಮ ಮನೆಗೆ ಇನ್ವರ್ಟರ್ ಮೋಡೇ ಸರಿ. ಅದರಲ್ಲಿ ಕಡಿಮೆ ವೋಲ್ಟೇಜು ಹಾಗೇ ಮುಂದೆ ಹೋಗುವುದರಿಂದ ಫ್ರಿಜ್ಜನ್ನು ಈ ಲೈನಿಗೆ ಕೊಡದೆ ಬೇರೆ ಸ್ಟೆಬಿಲೈಸರಿನಲ್ಲಿಡಿ. ಕರೆಂಟು ಬಂದ ತಕ್ಷಣ ಫ್ರಿಜ್ ಹಾಕಬಾರದು, ಐದು ನಿಮಿಷ ಬಿಡಬೇಕು. ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ಒಳಗಿನ ತಂಪು ಉಳಿಯುತ್ತದೆ. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಗೀಸರ್, ಪಂಪು ಯಾವುದನ್ನೂ ಇನ್ವರ್ಟರ್ ಲೈನಿಗೆ ಕೊಡಬೇಡಿ. 900 ವಿಎ ಎಂದರೆ 700 ವ್ಯಾಟ್ ಆಸುಪಾಸು. 750 ವ್ಯಾಟಿನ ಮಿಕ್ಸಿ ತಿರುಗಿದರೆ ಓವರ್‌ಲೋಡ್ ಎಂದು ನಿಂತುಬಿಡುತ್ತದೆ, ಕತ್ತಲಲ್ಲಿ ಅದನ್ನು ರೀಸೆಟ್ ಮಾಡುವವರು ನಿಮ್ಮ ಅಮ್ಮ. ದೋಸೆ ಹಿಟ್ಟು ರುಬ್ಬುವುದನ್ನು ಕರೆಂಟು ಇದ್ದಾಗಲೇ ಮುಗಿಸಿಕೊಳ್ಳುವುದು ಅವರಿಗೆ ಹೇಗೂ ರೂಢಿಯಿರುತ್ತದೆ.

ವೈರಿಂಗಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆ ಲೈನಿನ ನ್ಯೂಟ್ರಲ್ ಜೊತೆ ಬೆರೆತರೆ, ಶಾಕ್ ಹೊಡೆಯದಂತೆ ಕರೆಂಟು ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ. ಆಗ ಕೆಲವರು ಆರ್‌ಸಿಸಿಬಿಯನ್ನೇ ತೆಗೆದುಹಾಕುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ, ನ್ಯೂಟ್ರಲ್ ಬೇರೆ ಮಾಡಿಸಿ. ಮುಂದೆಂದಾದರೂ ಜನರೇಟರ್ ತಂದರೆ ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್ಚು) ಇಲ್ಲದೆ ಜೋಡಿಸಲೇಬೇಡಿ. ಎರಡೂ ತುದಿಗೆ ಪ್ಲಗ್ ಹಾಕಿದ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟು ಕೊಟ್ಟರೆ ಅದು ಮೀಟರ್ ದಾಟಿ ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ ಸಾಯುತ್ತಾನೆ.

ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ, ದೀಪ ಹಚ್ಚುವ ದೇವರ ಕೋಣೆಯಲ್ಲಿ, ಒಲೆಯ ಹತ್ತಿರ ಇಡಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಾಡುವ, ಇರಚಲು ಹೊಡೆಯದ ಜಗಲಿಯ ಮೂಲೆ ಒಳ್ಳೆಯದು. ತಿಂಗಳಿಗೊಮ್ಮೆ ಬ್ಯಾಟರಿಯ ಮೇಲೆ ನೀರಿನ ಮಟ್ಟ ತೋರಿಸುವ ತೇಲುಬುರುಡೆ ನೋಡಿ. ಕೆಂಪಿಗೆ ಇಳಿದಿದ್ದರೆ ಪೂರ್ತಿ ಚಾರ್ಜ್ ಆದ ಮೇಲೆ ಹಸಿರಿನವರೆಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಅದಕ್ಕಿಂತ ಮೇಲೆ ಬೇಡ. ಬಾವಿ ನೀರು, ಫಿಲ್ಟರ್ ನೀರು, ಸೂರಿನಿಂದ ಹಿಡಿದ ಮಳೆ ನೀರು ಯಾವುದೂ ಆಗದು, ಆಸಿಡ್ಡಂತೂ ಮತ್ತೆ ಹಾಕುವಂತೆಯೇ ಇಲ್ಲ. ನಮ್ಮ ಥಂಡಿಗೆ ಟರ್ಮಿನಲ್ಲುಗಳಲ್ಲಿ ಬಿಳಿ-ಹಸಿರು ಬೂಷ್ಟಿನಂಥದ್ದು ಬೆಳೆಯುತ್ತದೆ. ಇನ್ವರ್ಟರ್ ಆರಿಸಿ, ಪ್ಲಗ್ ಕಿತ್ತು, ಮುಚ್ಚಳಗಳು ಬಿಗಿಯಾಗಿವೆಯೇ ನೋಡಿ, ಅಡಿಗೆ ಸೋಡಾ ಕಲಸಿದ ಬಿಸಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ನಟ್ಟು ಬಿಗಿದು ವ್ಯಾಸಲೀನ್ ಸವರಿ. ನಟ್ಟು ಸಡಿಲವಿದ್ದರೆ ಬ್ಯಾಟರಿ ತುಂಬಿದ್ದರೂ ಹತ್ತೇ ನಿಮಿಷಕ್ಕೆ ‘ಲೋ ಬ್ಯಾಟರಿ’ ಎಂದು ಕೂಗಬಹುದು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಇದನ್ನು ನೋಡಿ. ಕೈಯಲ್ಲಿ ಉಂಗುರ, ಬಳೆ ಇಟ್ಟುಕೊಂಡು ಸ್ಪ್ಯಾನರ್ ಹಿಡಿಯಬಾರದು.

ಎರಡು ದಿನ ಬರದೇ ಹೋದಾಗ ರಾತ್ರಿ ಮಲಗುವ ಮುಂಚೆ ಇನ್ವರ್ಟರನ್ನೇ ಆರಿಸಲು ಹೇಳಿ. ಏನೂ ಉರಿಯದಿದ್ದರೂ ಅದು ತನ್ನ ಪಾಡಿಗೆ 10–20 ವ್ಯಾಟ್ ತಿನ್ನುತ್ತಲೇ ಇರುತ್ತದೆ. ರಾತ್ರಿಗೆ ಬಚ್ಚಲು, ಕೊಟ್ಟಿಗೆ, ಮೆಟ್ಟಿಲಿನಲ್ಲಿ ಒಳಗೇ ಬ್ಯಾಟರಿ ಇರುವ ರೀಚಾರ್ಜೆಬಲ್ ಎಲ್‌ಇಡಿ ಬಲ್ಬು ಹಾಕಿ. ಇವನ್ನು ಇನ್ವರ್ಟರ್ ಇಲ್ಲದ ಲೈನಿಗೆ ಹಾಕಿದರಷ್ಟೇ ಉಪಯೋಗ. ದಿಂಬಿನ ಪಕ್ಕಕ್ಕೊಂದು ಟಾರ್ಚು.

ನೀರಿಗೆ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರಿದ್ದರೆ ಚಿಂತೆಯಿಲ್ಲ. ಬಾವಿ-ಪಂಪು ಆದರೆ ಇಬ್ಬರಿಗೆ 1000 ಲೀಟರ್ ಟ್ಯಾಂಕು ಧಾರಾಳ, ದನಗಳಿದ್ದರೆ ದಿನಕ್ಕೆ ತಲೆಗೆ 50 ಲೀಟರಿನಂತೆ ಬೇರೆ ಸೇರಿಸಿ. ರಾಟೆ, ಹಗ್ಗ ತೆಗೆದುಹಾಕಬೇಡಿ. ಪಂಪಿಗೆ ಆಟೋ ಸ್ಟಾರ್ಟರ್ ಇದ್ದರೆ ಗಾಳಿ-ಮಳೆಯ ರಾತ್ರಿ ಅದನ್ನು ಆರಿಸಿಡಿ. ಕರೆಂಟು ಬಂದು ಹೋಗಿ ಮಾಡುವಾಗ ಪ್ರತಿ ಸಲ ಮೋಟಾರು ಎದ್ದು ಕೊನೆಗೆ ವೈಂಡಿಂಗ್ ಸುಡುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಹೋಗುವ ಇನ್ವರ್ಟರುಗಳು ಬಹಳ. ಒಳಬರುವ ಲೈನನ್ನು ನೇರ ಜೋಡಿಸದೆ ಕೈಗೆಟಕುವ ಎತ್ತರದ 16 ಆಂಪಿಯರ್ ಸಾಕೆಟ್ಟಿಗೆ ತ್ರೀ-ಪಿನ್ ಪ್ಲಗ್ಗಿನಲ್ಲಿ ಕೊಡಿಸಿ. ಮೋಡ ಕಟ್ಟಿದಾಗ, ಸಿಡಿಲು ಹತ್ತಿರ ಬರುವ ಮೊದಲೇ ಅಪ್ಪ ಅದನ್ನು ಕಿತ್ತಿಡಲಿ. ಸ್ವಿಚ್ ಆರಿಸಿದರೆ ಸಾಲದು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಬೇಕು.

ಮೀಟರ್ ಬೋರ್ಡಿನ ಪಕ್ಕ ದಪ್ಪ ಅಕ್ಷರದಲ್ಲಿ ಕರೆಂಟು ಬಿಲ್ಲಿನಲ್ಲಿರುವ ಆರ್‌.ಆರ್. ಸಂಖ್ಯೆ, ವಿದ್ಯುತ್ ಕಂಪನಿ ಮೆಸ್ಕಾಂನ ದೂರಿನ ನಂಬರು 1912, ಊರಿನ ಲೈನ್‌ಮನ್ ಫೋನ್ ನಂಬರು ಬರೆದು ಅಂಟಿಸಿ. ತೋಟದಲ್ಲಿ ತಂತಿ ಬಿದ್ದಿದ್ದರೆ ಮನೆಯಲ್ಲಿ ಕರೆಂಟು ಇಲ್ಲವೆಂದು ಅದರಲ್ಲೂ ಇಲ್ಲ ಎಂದು ತಿಳಿಯಬಾರದು; ದನ ಬಿಡದೆ, ಕೋಲಿನಿಂದಲೂ ಸರಿಸದೆ, ದೂರದಿಂದಲೇ 1912ಕ್ಕೆ ಫೋನ್ ಮಾಡಲು ಇಬ್ಬರಿಗೂ ಹೇಳಿಡಿ.