ಜೀವಿಗಳ ವಂಶವೃಕ್ಷ ಬರೆಯುವ ಲೆಕ್ಕದಿಂದ ಭಾಷೆಯ ವಯಸ್ಸು ಹೇಳೋಕೆ ಆಗುತ್ತಾ?

ಆಗುತ್ತದೆ, ಆದರೆ ಅದು ಅಂದಾಜು. ನಮ್ಮ ಭಾಷೆಯನ್ನೇ ನೋಡಿ. ಕನ್ನಡದಲ್ಲಿ ಹಾಲು, ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು. ಹಳಗನ್ನಡದಲ್ಲೂ ಪಾಲ್ ಅಂತಲೇ ಇತ್ತು, ಆಮೇಲೆ ನಮ್ಮ 'ಪ' ಜಾರಿ 'ಹ' ಆಯಿತು. ಅಂದರೆ ಮೂರೂ ಒಂದೇ ಬೇರಿನ ಪದ. ನೀರಿನ ಕಥೆ ಬೇರೆ. ತೆಲುಗಿನವರ ನೀಳ್ಳು ನಮಗೆ ನೆಂಟ, ಮಲಯಾಳದ ವೆಳ್ಳಂ ಅಲ್ಲ.

ಹೀಗೆ ನೆಂಟಪದ ಇದ್ದರೆ 1, ಇಲ್ಲದಿದ್ದರೆ 0 ಅಂತ ಪಟ್ಟಿ ಮಾಡುತ್ತಾರೆ. ಮುಂದಿನ ಲೆಕ್ಕ ಡಿಎನ್‌ಎ ಹೋಲಿಸಿ ಪ್ರಾಣಿಗಳ ವಂಶವೃಕ್ಷ ಬರೆಯುವವರ ಥರದ್ದೇ. ಕಂಪ್ಯೂಟರ್ ಸಾವಿರಾರು ಮರಗಳನ್ನು ಬರೆದು, ಪಟ್ಟಿಗೆ ಚೆನ್ನಾಗಿ ಹೊಂದುವವನ್ನು ಉಳಿಸಿಕೊಳ್ಳುತ್ತದೆ. ವರ್ಷ ಸಿಗಬೇಕಾದರೆ ಹಳೆಯ ಬರಹಗಳಂಥ ಕಾಲ ಗೊತ್ತಿರುವ ಗುರುತು ಬೇಕು.

2018ರಲ್ಲಿ 20 ದ್ರಾವಿಡ ಭಾಷೆಗಳ ಮೇಲೆ ಇದನ್ನು ಮಾಡಿದರು. ಒಂದೊಂದರಿಂದ ಸುಮಾರು 100 ದಿನಬಳಕೆಯ ಅರ್ಥಗಳಿಗೆ ಪದ ಸೇರಿಸಿದರು. ಈ ಕುಟುಂಬಕ್ಕೆ ಬಂದ ವಯಸ್ಸು ಸುಮಾರು 4500 ವರ್ಷ. ಪೇಪರುಗಳಲ್ಲಿ ಈ ಸಂಖ್ಯೆ ಮಾತ್ರ ದಪ್ಪಕ್ಷರದಲ್ಲಿ ಬಂತು. ನಿಜವಾದ ಉತ್ತರ 3000ದಿಂದ 6500 ವರ್ಷದ ನಡುವೆ ಎಲ್ಲೋ ಇರಬಹುದು ಅನ್ನೋದನ್ನು ಓದಿದವರು ಕಡಿಮೆ.

ನನಗೆ ಜಾಸ್ತಿ ಅನುಮಾನ ಇರೋದು ಎರವಲು ಪದಗಳ ಬಗ್ಗೆ. 'ರಕ್ತ'ದಂಥ ಸಂಸ್ಕೃತ ಪದವನ್ನು ಹೊರಗಿಟ್ಟು 'ನೆತ್ತರು' ಇಟ್ಟುಕೊಳ್ಳಬಹುದು. ಆದರೆ ಕನ್ನಡ, ತೆಲುಗು ಸಾವಿರಾರು ವರ್ಷ ಅಕ್ಕಪಕ್ಕದ ಮನೆಯವರು. ಯಾವುದು ಅಜ್ಜಿಯಿಂದ ಬಂದದ್ದು, ಯಾವುದು ಪಕ್ಕದ ಮನೆಯಿಂದ ತಂದದ್ದು ಅಂತ ಬಿಡಿಸೋದು ಸುಲಭ ಅಲ್ಲ. ನಾಯಿ, ಬೆಕ್ಕಿಗೆ ಆ ತೊಂದರೆ ಇಲ್ಲ, ಅಲ್ವಾ?